ಜೇನು ಕುಟುಂಬದಲ್ಲಿ ಮುಂದಾಳು ಯಾರು?

ರಾಣಿ ನೊಣವೊಂದು ಕೈಗೆ ಸಿಕ್ಕರೆ ಸಾಕು, ಕುಟುಂಬವೆಲ್ಲ ಹಿಂದೆಯೇ ಬರುತ್ತದೆಂಬ ನಂಬಿಕೆ ಜೇನು ಸಾಕುವವರಲ್ಲಿ ಬಲವಾಗಿದೆ. ಇದು ಅರ್ಧ ಮಾತ್ರ ನಿಜ. ರಾಣಿಯಿಲ್ಲದೆ ಕುಟುಂಬ ಉಳಿಯದು. ಆದರೆ ಎಲ್ಲಿ ನೆಲೆಸಬೇಕೆಂಬ ತೀರ್ಮಾನ ರಾಣಿಯದಲ್ಲ.

ಕುಟುಂಬ ಪಾಲಾದಾಗ ಹಳೆಯ ರಾಣಿಯೊಡನೆ ಹೊರಟ ನೊಣಗಳು ಮೊದಲು ಹತ್ತಿರದ ಕೊಂಬೆಗೆ ಗೊಂಚಲಾಗಿ ಜೋತುಬೀಳುತ್ತವೆ. ಜರ್ಮನಿಯ ಮ್ಯೂನಿಕ್‌ನಲ್ಲಿ 1949ರಲ್ಲಿ ಮಾರ್ಟಿನ್ ಲಿಂಡೌವರ್ ಎಂಬ ವಿಜ್ಞಾನಿ ಇಂಥ ಗೊಂಚಲೊಂದರ ಮೇಲೆ ಕೆಲವು ನೊಣಗಳು ಕುಣಿಯುವುದನ್ನು ಕಂಡರು. ಅವುಗಳ ಮೈಗೆ ಪರಾಗದ ಬದಲು ಮಸಿ, ಇಟ್ಟಿಗೆಯ ಪುಡಿ ಹತ್ತಿತ್ತು. ಹೂವಿಗೆ ಹೋದ ನೊಣಕ್ಕೆ ಮಸಿ ಎಲ್ಲಿಂದ ಬರಬೇಕು? ಅವು ಹೊಗೆ ಕೊಳವೆ, ಗೋಡೆಯ ಬಿರುಕುಗಳನ್ನು ಹೊಕ್ಕು ಹೊಸ ಮನೆ ನೋಡಿಬಂದ ಶೋಧಕ ನೊಣಗಳು. ಮೇವಿನ ಅನುಭವವುಳ್ಳ ಹಿರಿಯ ಕೆಲಸಗಾರ ನೊಣಗಳೇ ಈ ಕೆಲಸಕ್ಕೆ ಇಳಿಯುತ್ತವೆ.

ಮುಂದೆ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ತಾಮಸ್ ಸೀಲಿ ಈ ಅಧ್ಯಯನವನ್ನು ಮುಂದುವರಿಸಿದರು. ಸ್ಥಳ ಉತ್ತಮವಾಗಿದ್ದಷ್ಟೂ ನೊಣದ ಕುಣಿತ ಹೆಚ್ಚು ಹೊತ್ತು ನಡೆಯುತ್ತದೆ. ಕುಣಿತ ನೋಡಿದ ನೊಣ ಅದನ್ನೇ ನಂಬಿ ಕೂರುವುದಿಲ್ಲ. ತಾನೇ ಹೋಗಿ ಪರೀಕ್ಷಿಸಿ ಬಂದು ಆಮೇಲೆ ಕುಣಿಯುತ್ತದೆ. ಪ್ರತಿ ಸಲ ಹೋಗಿಬಂದಂತೆ ಕುಣಿತ ಕಡಿಮೆಯಾಗುತ್ತ ಕೊನೆಗೆ ನಿಲ್ಲುವುದರಿಂದ ಹಠ ಹಿಡಿಯುವ ನೊಣವೇ ಇಲ್ಲ! (ನಮ್ಮ ಊರ ಪಂಚಾಯಿತಿಗಳಲ್ಲಿ ಇದು ಅಪರೂಪ.) ಒಂದೇ ಸ್ಥಳದಲ್ಲಿ ಸುಮಾರು 20-30 ಶೋಧಕ ನೊಣಗಳು ಏಕಕಾಲಕ್ಕೆ ಸೇರಿದರೆ ತೀರ್ಮಾನವಾದಂತೆ. ಅವು ಮರಳಿ ಬಂದು ವಿಶಿಷ್ಟ ದನಿಯಿಂದ ಉಳಿದವನ್ನು ಹೊರಡಿಸುತ್ತವೆ. ರಾಣಿಯೂ ಗುಂಪಿನೊಡನೆ ಹೋಗುತ್ತದೆ, ಅಷ್ಟೆ. ಅದು ದಾರಿಯಲ್ಲಿ ತಪ್ಪಿಹೋದರೆ ಮಾತ್ರ ಗುಂಪು ಹಿಂತಿರುಗಿ ಹುಡುಕುತ್ತದೆ.

ವಿಕಾಸದ ದೃಷ್ಟಿಯಿಂದ ಇದಕ್ಕೆ ಕಾರಣವಿದೆ. ಗೂಡಿನೊಳಗೆ ಮೊಟ್ಟೆಯಿಡುವ ರಾಣಿಗೆ ಹೊರಗಿನ ಮರ, ಪೊಟರೆಗಳ ಪರಿಚಯವಿಲ್ಲ. ಕೆಲಸಗಾರ ನೊಣಗಳು ಸಾಮಾನ್ಯವಾಗಿ ಮೊಟ್ಟೆಯಿಡುವುದಿಲ್ಲ. ತಾಯಿಯ ಸಂತಾನದ ಮೂಲಕವೇ ಅವುಗಳ ವಂಶಗುಣ ಮುಂದುವರಿಯಬೇಕು. ಮನೆಯ ಆಯ್ಕೆ ಕೆಟ್ಟರೆ ಎಲ್ಲಕ್ಕೂ ಸಾವು. ಆದ್ದರಿಂದ ಸುಳ್ಳು ಹೇಳಿ ಲಾಭ ಪಡೆಯುವವರು ಇಲ್ಲಿಲ್ಲ. ಕೋಳಿಗಳ ರೀತಿ ಬೇರೆ. ಒಂದೊಂದು ಹೇಂಟೆಗೂ ತನ್ನದೇ ಮೊಟ್ಟೆ, ತನ್ನದೇ ಮರಿ. ಹಾಗಾಗಿ ಕುಕ್ಕಾಟದಿಂದ ಮೇಲು-ಕೀಳು ಏರ್ಪಡುತ್ತದೆ. ಮೇಲಿನ ಕೋಳಿ ಮೊದಲು ಮೇವು ತಿನ್ನುತ್ತದೆಯೇ ಹೊರತು ಹಿಂಡಿಗೆ ದಾರಿ ತೋರಿಸುವುದಿಲ್ಲ.

ಈ ಪ್ರಯೋಗಗಳು ಯೂರೋಪಿನ ಜೇನಿನ ಮೇಲೆ ನಡೆದಂಥವು. ನಮ್ಮ ತುಡುವೆ ಜೇನೂ ಕುಣಿತದಿಂದಲೇ ಸ್ಥಳದ ಸುಳಿವು ಕೊಡುತ್ತದೆ. ಹಿಡಿದು ತಂದ ತುಡುವೆಯ ಪಾಲನ್ನು ಪೆಟ್ಟಿಗೆಗೆ ಸೇರಿಸಿದಾಗ ರಾಣಿ ಹೊರಬರದಂತೆ ಬಾಗಿಲಿಗೆ ತಡೆ ಹಾಕುವುದು ಸರಿಯೇ. ಆದರೆ ಪೆಟ್ಟಿಗೆಯನ್ನು ಒಪ್ಪಬೇಕಾದವು ಕೆಲಸಗಾರ ನೊಣಗಳು. ಪೆಟ್ಟಿಗೆ ನೆರಳಿನಲ್ಲಿರಲಿ. ಅದರ ಕಾಲುಗಳ ಕೆಳಗೆ ನೀರಿನ ಬಟ್ಟಲಿಟ್ಟು ಇರುವೆಗಳನ್ನು ತಡೆಯಿರಿ. ಸಂಜೆ ಸಕ್ಕರೆ ಪಾಕ ಕೊಡಿ. ರೋಗವಿಲ್ಲದ ಬೇರೊಂದು ತುಡುವೆ ಕುಟುಂಬದಿಂದ ಮೊಟ್ಟೆ-ಮರಿಗಳಿರುವ ಎರಿಯೊಂದನ್ನು ತಂದಿಟ್ಟರೆ ನೊಣಗಳು ಅದನ್ನು ಬಿಟ್ಟುಹೋಗಲು ಹಿಂಜರಿಯುತ್ತವೆ. ಹೊಸ ಎರಿ ಕಟ್ಟಿ ಪರಾಗ ತರತೊಡಗಿದ ಮೇಲೆ ಬಾಗಿಲ ತಡೆಯನ್ನು ತೆಗೆಯಬಹುದು.