ವಕೀಲಿಯ ಗಳಿಕೆ, ವಚನದ ದಾಸೋಹ

ಬೆಂಗಳೂರಿನ ಕುಕ್ ಟೌನಿನ ಭಕ್ತರೊಬ್ಬರ ಮನೆಗೆ ಈಚೆಗೆ ಹೋಗಿದ್ದೆ. ಪೂಜೆಯ ಕೋಣೆಯಲ್ಲಿ, ಕಾವಿ ವಸ್ತ್ರದಲ್ಲಿ ಸುತ್ತಿದ ಒಂದು ಗಂಟಿಗೆ ವಿಭೂತಿ ಹಚ್ಚಿ ಹೂವೇರಿಸಿದ್ದರು. ಬಿಚ್ಚಿ ನೋಡಿದರೆ ಅದು ವಚನಗಳ ಸಂಪುಟ. ಮನೆಯ ಹಿರಿಯರ ಕಾಲದ್ದಂತೆ. ಓದಿದವರು ಈಗ ಯಾರೂ ಇಲ್ಲ. ಆ ಕ್ಷಣ ನೆನಪಾದವರು ವಿಜಯಪುರದ ವಕೀಲರಾದ ಫ.ಗು. ಹಳಕಟ್ಟಿಯವರು.

ಹಳಕಟ್ಟಿಯವರು ಜನಿಸಿದ್ದು 1880ರ ಜುಲೈ 2ರಂದು, ಧಾರವಾಡದಲ್ಲಿ. ಮುಂಬಯಿಯಲ್ಲಿ ಓದಿ, 1904ರಲ್ಲಿ ಕಾನೂನು ಪದವಿ ಪಡೆದು, ಮೊದಲು ಬೆಳಗಾವಿಯಲ್ಲಿ, ಬಳಿಕ ವಿಜಯಪುರದಲ್ಲಿ ವಕೀಲಿ ನಡೆಸಿದರು. ಅಂದಿನ ವಿಜಯಪುರ ಬರಗಾಲಕ್ಕೆ ಪದೇ ಪದೇ ತುತ್ತಾಗುತ್ತಿದ್ದ ಸೀಮೆಯ ಸಣ್ಣ ನಗರ. ಅಲ್ಲಿನ ಜನರಿಗೆ ಬೇಕಾದುದು ಅಕ್ಷರ ಮತ್ತು ಆಸರೆ ಎಂದರಿತ ಅವರು, 1910ರಲ್ಲಿ ಬಿ.ಎಲ್.ಡಿ.ಇ. ಶಿಕ್ಷಣ ಸಂಸ್ಥೆಯ ಸ್ಥಾಪನೆಗೂ 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕಿನ ಸ್ಥಾಪನೆಗೂ ಮುಂದಾಳಾದರು.

ಆದರೆ ಅವರ ಜೀವಮಾನದ ಕಾಯಕ ವಚನ ಸಂರಕ್ಷಣೆ. ಶರಣರ ವಾಣಿ ಆಗ ಬಹುಮಟ್ಟಿಗೆ ತಾಡೋಲೆಗಳಲ್ಲಿ ಅಡಗಿತ್ತು. ಮಠಗಳಲ್ಲಿ, ಮನೆಗಳ ಜಗುಲಿಗಳ ಮೇಲೆ ಆ ಕಟ್ಟುಗಳು ಪೂಜೆಗೊಳ್ಳುತ್ತಿದ್ದವು. ಬಿಚ್ಚಿ ಓದುವವರು ವಿರಳರಾಗಿದ್ದರು. ಅರ್ಚನೆ ನಡೆದಿದ್ದಂತೆಯೇ ಗೆದ್ದಲು ಒಳಗೆ ತನ್ನ ಕೆಲಸ ನಡೆಸಿತ್ತು. ಹಳಕಟ್ಟಿಯವರು ಊರೂರು ಅಲೆದು ಓಲೆಗಳನ್ನು ಸಂಗ್ರಹಿಸಿದರು. ನ್ಯಾಯಾಲಯದಲ್ಲಿ ದಸ್ತಾವೇಜುಗಳನ್ನು ಪರಿಶೀಲಿಸಿ ಪಳಗಿದ ಕಣ್ಣು ಇಲ್ಲಿಯೂ ನೆರವಾಯಿತು. ಒಂದೇ ವಚನ ಬೇರೆ ಬೇರೆ ಪ್ರತಿಗಳಲ್ಲಿ ಬೇರೆ ಬೇರೆ ರೂಪದಲ್ಲಿ ಸಿಗುತ್ತದೆ, ಅವುಗಳನ್ನು ಹೋಲಿಸಬೇಕು. ಕೂಡಲಸಂಗಮದೇವ ಎಂಬ ಅಂಕಿತ ಬಸವಣ್ಣನವರನ್ನು, ಗುಹೇಶ್ವರ ಎಂಬುದು ಅಲ್ಲಮಪ್ರಭುಗಳನ್ನು ಸೂಚಿಸುವಂತೆ, ಅಂಕಿತದ ಜಾಡು ಹಿಡಿದು ಕರ್ತೃವನ್ನು ಗುರುತಿಸಬೇಕು. ಹೀಗೆ 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ಹೊರಬಂದಿತು.

ಗ್ರಂಥ ಪ್ರಕಟಣೆಯ ತೊಡಕುಗಳನ್ನು ಕಂಡುಂಡ ಅವರು ತಮ್ಮ ಮನೆಯನ್ನೇ ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನೂ ಮರುವರ್ಷ 'ನವಕರ್ನಾಟಕ' ವಾರಪತ್ರಿಕೆಯನ್ನೂ ಆರಂಭಿಸಿದರು. ಬಳ್ಳಾರಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ, ಕರ್ನಾಟಕ ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್ ಅವರನ್ನು ಅರಸಿ ಬಂದವು. ಆದರೆ ವಕೀಲಿಯ ಗಳಿಕೆಯೆಲ್ಲ ವಚನಕ್ಕೆ ಸಂದಿತ್ತು. 1964ರ ಜೂನ್‌ನಲ್ಲಿ ಲಿಂಗೈಕ್ಯರಾಗುವವರೆಗೂ ಬಡತನ ಅವರ ಜೊತೆಗಿತ್ತು.

ಕಾಯಕದಿಂದ ಬಂದುದು ದಾಸೋಹಕ್ಕೆ ಸಲ್ಲಬೇಕೆಂಬ ಶರಣತತ್ವವನ್ನು ಅವರು ಬೋಧಿಸಲಿಲ್ಲ, ಬಾಳಿದರು. ಅವರ ಜನ್ಮದಿನವನ್ನು ನಾಡು ಇಂದು ವಚನ ಸಂರಕ್ಷಣಾ ದಿನವಾಗಿ ಆಚರಿಸುತ್ತದೆ. ಓಲೆಗಳನ್ನು ಗೆದ್ದಲಿನಿಂದ ಪಾರುಮಾಡುವ ಕಾರ್ಯ ಅವರದಾಗಿತ್ತು. ಗ್ರಂಥವನ್ನು ವಸ್ತ್ರದಿಂದ ಬಿಡಿಸಿ ಮಕ್ಕಳ ಕೈಗೀಯುವ ಕಾರ್ಯ ನಮ್ಮದು. ಬಹುಭಾಷೆಗಳ ನಡುವೆ ಬೆಳೆಯುವ ದಂಡು ಪ್ರದೇಶದ ಮಕ್ಕಳಿಗಂತೂ ಇದು ಇನ್ನೂ ಅಗತ್ಯ. ಕುಕ್ ಟೌನಿನ ಆ ಮನೆಯಲ್ಲಿ ಅಂದೇ ಗಂಟು ಬಿಚ್ಚಿತು. ಮೊಮ್ಮಗಳು ಅಕ್ಷರ ಕೂಡಿಸಿ ಓದಿದಳು, ಅಜ್ಜಿ ಅರ್ಥ ಹೇಳಿದರು. ಪ್ರತಿ ಸಂಜೆ ಒಂದು ವಚನದ ಓದು ಪ್ರತಿ ಭಕ್ತರ ಮನೆಯಲ್ಲೂ ನಡೆಯಲಿ. ಹಳಕಟ್ಟಿಯವರಿಗೆ ಸಲ್ಲುವ ನಿಜವಾದ ಪೂಜೆ ಅದೇ.