ನೀಲಿ ಟ್ಯೂಬಿನ ಕೆಳಗೆ

ಶಿಕಾಗೋ ಹೊರವಲಯದ ಮನೆಯೊಂದರ ನೆಲಮಾಳಿಗೆ. ಹೊರಗೆ ಜನವರಿಯ ಹಿಮ, ಒಳಗೆ ನಾಲ್ಕಡಿ ಉದ್ದದ ಗಾಜಿನ ತೊಟ್ಟಿಯಲ್ಲಿ 25 ಡಿಗ್ರಿಯ ಉಪ್ಪುನೀರು. ಚಾವಣಿಯಿಂದ ತಂತಿಯಲ್ಲಿ ತೂಗುತ್ತಿದ್ದ ದೀಪದ ಪೆಟ್ಟಿಗೆಯನ್ನು ನನ್ನ ಚಿಕ್ಕಪ್ಪನ ಮಗ ಇಳಿಸಿ, ಮೇಜಿನ ಮೇಲೆ ಬೋರಲು ಹಾಕಿದ್ದ. ಟ್ಯೂಬ್ ಬದಲಿಸುವ ದಿನ.

ನಮ್ಮ ಹಜಾರಗಳಲ್ಲಿದ್ದ ದಪ್ಪ ಟ್ಯೂಬ್‌ಲೈಟ್‌ಗೂ ಇದಕ್ಕೂ ಬಹಳ ವ್ಯತ್ಯಾಸ. ಇದು ಟಿ5, ಅಡ್ಡಳತೆ 16 ಮಿ.ಮೀ., ಒಂದೊಂದೂ 54 ವಾಟ್. ತೆಳ್ಳಗಿರುವುದೇ ಇದರ ದೊಡ್ಡ ಗುಣ. ಹಿಂದಿನ ತಗಡಿಗೆ ಬಡಿದು ವಾಪಸಾಗುವ ಬೆಳಕಿಗೆ ಟ್ಯೂಬೇ ಅಡ್ಡ ನಿಲ್ಲುವುದು ಕಡಿಮೆ. ಒಳ್ಳೆಯ ಪೆಟ್ಟಿಗೆಯಲ್ಲಿ ಪ್ರತಿ ಟ್ಯೂಬಿಗೂ ಅದರದೇ ಬಾಗಿದ, ಕನ್ನಡಿ ಹೊಳಪಿನ ಅಲ್ಯೂಮಿನಿಯಂ ತಗಡು ಇರುತ್ತದೆ. ಅಗ್ಗದ್ದರಲ್ಲಿ ಎಲ್ಲಕ್ಕೂ ಸೇರಿ ಒಂದೇ ಚಪ್ಪಟೆ ತಗಡು. ಕರೆಂಟ್ ಎರಡಕ್ಕೂ ಅಷ್ಟೇ ಬೇಕು, ತೊಟ್ಟಿಯ ತಳಕ್ಕೆ ಇಳಿಯುವ ಬೆಳಕು ಮಾತ್ರ ಒಂದೇ ಅಲ್ಲ. ದೀಪ ಕೊಳ್ಳುವವರು ವಾಟ್ ಕೇಳುವ ಮೊದಲು ಈ ತಗಡನ್ನು ನೋಡಬೇಕು.

ಅವನು ಒದ್ದೆ ಬಟ್ಟೆಯಲ್ಲಿ ಆ ತಗಡನ್ನೇ ಒರೆಸುತ್ತಿದ್ದ. ಗುಳ್ಳೆಗಳೊಡೆದು ಸಿಡಿದ ನೀರು ಆರಿ, ಬಿಳಿ ಉಪ್ಪು ಚಕ್ಕೆಗಟ್ಟಿತ್ತು. ಹಳೆಯ ಟ್ಯೂಬನ್ನು ಕಾಲು ಸುತ್ತು ತಿರುಗಿಸಿ ಹೊರಗೆಳೆದ. ತುದಿ ಕಪ್ಪಾಗಿತ್ತು.

“ಚೆನ್ನಾಗೇ ಉರೀತಿತ್ತಲ್ಲೋ?”

“ಉರಿಯುತ್ತೆ ಅಕ್ಕ. ಆದ್ರೆ ವರ್ಷ ಆಯ್ತು, ಒಳಗಿನ ಪುಡಿ ಸೋತಿರುತ್ತೆ. ನಮ್ ಕಣ್ಣಿಗೆ ಗೊತ್ತಾಗಲ್ಲ, ಹವಳಕ್ಕೆ ಗೊತ್ತಾಗುತ್ತೆ.”

ಹವಳ ಪ್ರಾಣಿ. ಅದರ ಮೈಯೊಳಗೆ ಜೂಝ್ಯಾಂಥೆಲ್ಲಾ ಎಂಬ ಸೂಕ್ಷ್ಮ ಪಾಚಿ ಮನೆ ಮಾಡಿಕೊಂಡಿದೆ. ಬೆಳಕಿನಿಂದ ಆ ಪಾಚಿ ತಯಾರಿಸುವ ಆಹಾರದಲ್ಲೇ ಹವಳದ ಹೊಟ್ಟೆ ಬಹುಪಾಲು ತುಂಬುತ್ತದೆ. ಸಮುದ್ರದ ನೀರು ಮೊದಲು ನುಂಗುವುದು ಕೆಂಪನ್ನು. ಮುರುಡೇಶ್ವರದಾಚೆ ನೇತ್ರಾಣಿಯಲ್ಲಿ ಆಳಕ್ಕಿಳಿದವರಿಗೂ ಕೆಂಪು ಬಣ್ಣ ಮಂಕಾಗುತ್ತ ಹೋಗುವುದು ಕಾಣುತ್ತದೆ. ಉಳಿಯುವುದು ನೀಲಿ, ಈ ಪಾಚಿ ಒಗ್ಗಿಕೊಂಡಿರುವುದೂ ಅದಕ್ಕೇ. ಮನೆಗಳಲ್ಲಿ ಹಾಕುವ 6,500 ಕೆಲ್ವಿನ್ ಟ್ಯೂಬಿನಡಿ ಹವಳ ಬೆಳೆಯದೇ ಇರುವುದಿಲ್ಲ, ಆದರೆ ನೋಡಲು ಎಲ್ಲವೂ ಹಳದಿ-ಕಂದು.

ಅವನು ಆರಿಸಿದ್ದು ಎರಡು ನೀಲಿ, ಒಂದು 10,000 ಕೆಲ್ವಿನ್ನಿನ ಬಿಳಿ, ಒಂದು ಆಕ್ಟಿನಿಕ್. ಈ ಕೊನೆಯದರ ಬೆಳಕು 420 ನ್ಯಾನೊಮೀಟರ್ ಸುತ್ತ ಗುಂಪುಗೂಡಿದ ನೇರಳೆ. ಉರಿಸಿದರೂ ಕೋಣೆಯಲ್ಲಿ ಪತ್ರಿಕೆ ಓದುವಷ್ಟು ಬೆಳಕಿಲ್ಲ. ಅಂಗಡಿಯಲ್ಲಿ ನೋಡಿದರೆ ಯಾರೂ ಇದಕ್ಕೆ ದುಡ್ಡು ಕೊಡಲಿಕ್ಕಿಲ್ಲ.

ಪೆಟ್ಟಿಗೆ ಮೇಲೇರಿತು. ಮೊದಲು ನೀಲಿ ಮತ್ತು ಆಕ್ಟಿನಿಕ್ಕಿನ ಸ್ವಿಚ್. ಅಲ್ಲಿಯವರೆಗೆ ಮಾಸಲು ಕಂದಾಗಿದ್ದ ಬಂಡೆಯ ಮೇಲೆ ಹಸಿರು ಹೊತ್ತಿಕೊಂಡಿತು. ಕವಲು ಹವಳದ ಒಂದೊಂದು ತುದಿಯೂ ಹಸಿರು. ಗುಂಡಿಯಷ್ಟಗಲದ ಜೊಯಾಂಥಿಡ್ ಹವಳಗಳ ಸುತ್ತ ಕಿತ್ತಳೆಯ ಅಂಚು, ನಡುವೆ ಎಳೆಹಸಿರಿನ ಬಾಯಿ. ಹವಳದ ಮೈಯಲ್ಲಿರುವ ಪ್ರೋಟೀನು ನೀಲಿಯನ್ನು ಹೀರಿ ಹಸಿರನ್ನೋ ಕಿತ್ತಳೆಯನ್ನೋ ಹೊರಬಿಡುವುದರಿಂದ ಹೀಗೆ. ಬಿಳಿ ಟ್ಯೂಬ್ ಹೊತ್ತಿದ ಕೂಡಲೇ ಆ ಹೊಳಪು ತಗ್ಗಿತು. ಮೀನಿನ ಹಳದಿ, ಮರಳಿನ ಬಿಳುಪು, ಬಂಡೆಯ ಬಿರುಕು ಎದ್ದು ಕಂಡವು.

ಹೊಸ ಟ್ಯೂಬಿನ ಬೆಳಕು ಒಮ್ಮೆಗೇ ಬಿದ್ದರೆ ಹವಳ ಪಾಚಿಯನ್ನು ಹೊರಗಟ್ಟಿ ಬಿಳಿಚಿಕೊಳ್ಳಬಹುದು. ಅದಕ್ಕೇ ಪೆಟ್ಟಿಗೆಯನ್ನು ಮೊದಲಿಗಿಂತ ಒಂದು ಗೇಣು ಎತ್ತರಿಸಿ, ಟೈಮರ್‌ನಲ್ಲಿ ಬಿಳಿಯ ಗಂಟೆಗಳನ್ನು ಕಡಿತಗೊಳಿಸಿದ. ಬೆಳಕು ಬೇಡುವ ಅಕ್ರೊಪೊರಾ ಹವಳ ಬಂಡೆಯ ನೆತ್ತಿಯಲ್ಲಿ, ಅಣಬೆ ಹವಳ ಕೆಳಗಿನ ನೆರಳಲ್ಲಿ. ಎಲ್ಲವೂ ಇನ್ನೊಬ್ಬ ಹವ್ಯಾಸಿಯ ತೊಟ್ಟಿಯಲ್ಲಿ ಬೆಳೆದು, ದಾಸವಾಳದ ಕಡ್ಡಿ ನೆಟ್ಟ ಹಾಗೆ ಇಲ್ಲಿ ಬೇರುಬಿಟ್ಟ ತುಂಡುಗಳು. ನಮ್ಮ ದೇಶದಲ್ಲಿ ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ನೇತ್ರಾಣಿಯಿಂದಾಗಲಿ ಲಕ್ಷದ್ವೀಪದಿಂದಾಗಲಿ ಚೂರೂ ಮುರಿದು ತರುವಂತಿಲ್ಲ, ತರಲೂ ಬಾರದು.

ಟ್ಯೂಬಿನೊಳಗೆ ಪಾದರಸವಿದೆ. ಹೀಗಾಗಿ ಯುರೋಪಿನ ಒಕ್ಕೂಟ 2023ರ ಆಗಸ್ಟಿನಲ್ಲಿ ಸಾಮಾನ್ಯ ಬಳಕೆಯ ಟಿ5ಗೆ ಮಾರುಕಟ್ಟೆಯ ಬಾಗಿಲು ಹಾಕಿತು. ಪಾದರಸ ಕುರಿತ ಮಿನಮಾಟಾ ಒಪ್ಪಂದದ ದೇಶಗಳು ಅಂಥ ಉದ್ದ ಟ್ಯೂಬುಗಳ ತಯಾರಿಕೆಗೆ ನಿಗದಿ ಮಾಡಿದ ಕೊನೆಯ ಗಡುವು 2027. ಹಳೆಯ ನಾಲ್ಕನ್ನೂ ಅವನು ರಟ್ಟಿನ ಕೊಳವೆಗೆ ಸೇರಿಸಿ, ಅಪಾಯಕಾರಿ ಕಸ ಪಡೆಯುವ ಕೇಂದ್ರಕ್ಕೆಂದು ಪಕ್ಕಕ್ಕಿಟ್ಟ.

“ಎಲ್‌ಇಡಿಗೆ ಹೋಗಬಾರದೇನೋ?”

“ಅದು ಚುಕ್ಕಿ ಬೆಳಕು ಅಕ್ಕ, ಕೊಂಬೆ ಅಡಿಯಲ್ಲಿ ನೆರಳು ಬೀಳುತ್ತೆ. ಟ್ಯೂಬು ಉದ್ದಕ್ಕೂ ಹರಡುತ್ತಲ್ಲ, ಕೆಳಗಿನ ಕೊಂಬೆಗೂ ಸಿಗುತ್ತೆ.”

ಆದರೂ ಲೆಕ್ಕ ಹಾಕಿಟ್ಟಿದ್ದಾನೆ. ಬೇಸಿಗೆಯ ಹೊತ್ತಿಗೆ ನಡುವಿನ ಎರಡು ಟ್ಯೂಬ್ ತೆಗೆದು ಎಲ್‌ಇಡಿ ಪಟ್ಟಿ ಕೂರಿಸುತ್ತಾನಂತೆ. ಅಂಚಿನ ಎರಡು, ಟಿ5 ಸಿಗುವಷ್ಟು ಕಾಲ ಟಿ5ಗೇ.