ಶುಭಕಾರ್ಯದ ಹೊತ್ತಿಗೆ ಕೈಕೊಡುವ ಸೆಲ್ಲು

ಕಳೆದ ಶ್ರಾವಣದಲ್ಲಿ ನಮ್ಮ ಮನೆಯಲ್ಲಿ ಮೊಮ್ಮಗಳ ಲಿಂಗದೀಕ್ಷೆ ನೆರವೇರಿತು. ಪೂಜ್ಯರು ಇಷ್ಟಲಿಂಗವನ್ನು ಮಗುವಿನ ಎಡಗೈಯಲ್ಲಿ ಇರಿಸಿದ ಗಳಿಗೆಯನ್ನು ಚಿತ್ರದಲ್ಲಿ ಸೆರೆಹಿಡಿಯಲು ನಾವು ಸಿದ್ಧರಾಗಿ ನಿಂತಿದ್ದೆವು. ಪೂಜೆಯ ಕೋಣೆಯಲ್ಲಿ ಮಂದ ಬೆಳಕು. ಗುಂಡಿ ಒತ್ತಿದರೆ ಫ್ಲ್ಯಾಷ್ ಬೆಳಗಲೇ ಇಲ್ಲ! ದೋಷ ಅಂಗಡಿಯವರದಲ್ಲ, ನಮ್ಮದೇ. ನಾಲ್ಕು ಸೆಲ್ಲುಗಳಲ್ಲಿ ಎರಡನ್ನು ಮಾತ್ರ ಬದಲಿಸಿ, ಉಳಿದೆರಡು ಇನ್ನೂ ಬಾಳುತ್ತವೆಂದು ಹಾಗೆಯೇ ಬಿಟ್ಟಿದ್ದೆವು. ಮಗುವಿನ ಪಕ್ಕದಲ್ಲಿ ಕುಳಿತಿದ್ದ ನಮ್ಮ ಅತ್ತಿಗೆಯವರು ದೀಪಾವಳಿಗೆ ಮುನ್ನವೇ ಲಿಂಗೈಕ್ಯರಾದರು. ಅವರಿಬ್ಬರ ಒಂದು ಚಿತ್ರವೂ ನಮ್ಮಲ್ಲಿಲ್ಲ.

ಫ್ಲ್ಯಾಷಿನೊಳಗೆ ಸೆಲ್ಲುಗಳು ಸರಪಳಿಯ ಕೊಂಡಿಗಳಂತೆ ಒಂದರ ಹಿಂದೊಂದು ಸೇರಿರುತ್ತವೆ. ಒಂದರಲ್ಲಿ ಹರಿಯುವಷ್ಟೇ ವಿದ್ಯುತ್ತು ಎಲ್ಲವುಗಳಲ್ಲಿಯೂ ಹರಿಯಬೇಕು. ಆದುದರಿಂದ ಸೊರಗಿದ ಸೆಲ್ಲು ಹೊಸತಕ್ಕೂ ಅಡ್ಡಗಾಲಾಗುತ್ತದೆ. ಅದು ಪೂರ್ತಿ ಬರಿದಾದ ಮೇಲೂ ಉಳಿದವು ಅದರ ಮೂಲಕ ವಿದ್ಯುತ್ತನ್ನು ತಳ್ಳುತ್ತಲೇ ಇರುವುದರಿಂದ ರಸ ಸೋರುವ ಸಂಭವವೂ ಉಂಟು. ಬದಲಿಸುವುದಾದರೆ ನಾಲ್ಕನ್ನೂ ಬದಲಿಸತಕ್ಕದ್ದು. ಅವು ಒಂದೇ ಬಗೆಯವು, ಒಂದೇ ಸಲ ಕೊಂಡವು ಆಗಿರಬೇಕು.

ಗೋಡೆ ಗಡಿಯಾರಕ್ಕೆ ಸಾಲುವ ಅಗ್ಗದ ಸೆಲ್ಲು ಫ್ಲ್ಯಾಷಿಗೆ ಒದಗದು. ಗಡಿಯಾರ ಹನಿಹನಿಯಾಗಿ ಕುಡಿದರೆ ಫ್ಲ್ಯಾಷ್ ಒಂದೇ ಗುಟುಕಿಗೆ ಕೇಳುತ್ತದೆ. ಆಲ್ಕಲೈನ್ ಸೆಲ್ಲು ಅದಕ್ಕಿಂತ ಮೇಲು. ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ಲು ಈ ಕೆಲಸಕ್ಕೆ ಇನ್ನೂ ಮೇಲೆಂಬುದು ನಮ್ಮ ಅಭಿಪ್ರಾಯ. ಅದರ ಮೇಲೆ 1.5ರ ಬದಲು 1.2 ವೋಲ್ಟ್ ಎಂದಿರುವುದನ್ನು ಕಂಡು ಹಿಂಜರಿಯಬೇಕಾಗಿಲ್ಲ. ಒಳಗಿನ ತಡೆ ಕಡಿಮೆಯಿರುವುದರಿಂದ ಅದು ಫ್ಲ್ಯಾಷನ್ನು ಬೇಗನೆ ಮರಳಿ ಸಿದ್ಧಗೊಳಿಸುತ್ತದೆ. ಆದರೆ ಹಳೆಯ ಬಗೆಯದು ಕಪಾಟಿನಲ್ಲಿ ಇದ್ದಲ್ಲಿಯೇ ಬರಿದಾಗುತ್ತದೆ. 2005ರಲ್ಲಿ ಮಾರುಕಟ್ಟೆಗೆ ಬಂದ ಸುಧಾರಿತ ಬಗೆಯದು ತಿಂಗಳುಗಟ್ಟಲೆ ತನ್ನ ಶಕ್ತಿಯನ್ನು ಉಳಿಸಿಕೊಳ್ಳುತ್ತದೆ. ಹೇಗಿದ್ದರೂ ಕಾರ್ಯದ ಹಿಂದಿನ ರಾತ್ರಿ ಚಾರ್ಜ್ ಮಾಡಿ, ನಾಲ್ಕಾರು ಬಾರಿ ಫ್ಲ್ಯಾಷ್ ಬೆಳಗಿಸಿ ನೋಡುವುದು ಒಳಿತು.

ಡಿಜಿಟಲ್ ಕ್ಯಾಮೆರಾಗಳಲ್ಲಿ ಇರುವುದು ಬಹುಮಟ್ಟಿಗೆ ಲಿಥಿಯಂ-ಅಯಾನ್ ಬ್ಯಾಟರಿ. 1991ರಲ್ಲಿ ಜಪಾನಿನ ಸೋನಿ ಸಂಸ್ಥೆ ಮೊದಲು ಮಾರಾಟಕ್ಕೆ ತಂದ ಬಗೆಯಿದು. ಬದಲಿ ಕೊಳ್ಳುವಾಗ ಹಳೆಯದರ ಮೇಲಿನ ಮಾದರಿಯ ಸಂಖ್ಯೆಯನ್ನೇ ಕೇಳಿ ಪಡೆಯಬೇಕು. ಗೂಡಿಗೆ ಹೊಂದಿದ ಮಾತ್ರಕ್ಕೆ ಸಾಲದು. ಬ್ಯಾಟರಿ ಉಬ್ಬಿ ಗೂಡಿನಿಂದ ಹೊರಬಾರದಿದ್ದರೆ ಸ್ಕ್ರೂಡ್ರೈವರಿನಿಂದ ಮೀಟಬಾರದು. ತೂತಾದರೆ ಬೆಂಕಿ ಹೊತ್ತಿಕೊಳ್ಳಬಹುದು. ದುರಸ್ತಿ ಬಲ್ಲವರಿಗೆ ಒಪ್ಪಿಸಿರಿ. ಬಹುಕಾಲ ಬಳಸದೆ ಇಡುವುದಾದರೆ ಅರ್ಧ ಚಾರ್ಜಿನಲ್ಲಿ, ತಂಪಾದ ಸ್ಥಳದಲ್ಲಿ ಇಡಬೇಕು.

ಕೇದಾರ ಯಾತ್ರೆಗೆ ಹೊರಡುವವರಿಗೆ ಒಂದು ಮಾತು. ಅಲ್ಲಿನ ಚಳಿಯಲ್ಲಿ ತುಂಬಿದ ಬ್ಯಾಟರಿಯೂ ಬರಿದಾದಂತೆ ತೋರುತ್ತದೆ. ಬದಲಿಯೊಂದನ್ನು ಒಳಅಂಗಿಯ ಜೇಬಿನಲ್ಲಿ ಬೆಚ್ಚಗೆ ಇಟ್ಟುಕೊಂಡು ಅದಲುಬದಲು ಮಾಡುತ್ತಿದ್ದರೆ ಮೊದಲಿನದೂ ಕಾವು ಪಡೆದು ಮತ್ತೆ ಕೆಲಸಕ್ಕೆ ಬರುತ್ತದೆ. ವಿಮಾನದಲ್ಲಿ ಹೋಗುವವರು ಬಿಡಿ ಲಿಥಿಯಂ ಬ್ಯಾಟರಿಗಳನ್ನು ಕೈಚೀಲದಲ್ಲಿಯೇ ಒಯ್ಯಬೇಕೆಂಬುದು ನಿಯಮ. ಅವುಗಳ ಲೋಹದ ತುದಿಗಳು ನಾಣ್ಯ, ಬೀಗದ ಕೈಗಳಿಗೆ ತಾಗದಂತೆ ಮುಚ್ಚಿರಬೇಕು.

ಹಿರಿಯರ ಕಾಲದ ಫಿಲ್ಮ್ ಕ್ಯಾಮೆರಾ ಮನೆಯಲ್ಲಿದ್ದರೆ ಇಂದೇ ಅದರ ಸೆಲ್ಲಿನ ಗೂಡನ್ನು ತೆರೆದು ನೋಡಿರಿ. ಆಲ್ಕಲೈನ್ ಸೆಲ್ಲು ಸೋರಿ ಬಿಳಿಯ ಪುಡಿ ಕಟ್ಟಿದ್ದರೆ ಬರಿಗೈಯಿಂದ ಮುಟ್ಟದೆ, ಹತ್ತಿಗೆ ಒಂದೆರಡು ಹನಿ ನಿಂಬೆರಸ ತಾಗಿಸಿ ಒರೆಸಿ, ಬಳಿಕ ಒಣಬಟ್ಟೆಯಿಂದ ಒರೆಸಿದರೆ ಎಷ್ಟೋ ವೇಳೆ ಕ್ಯಾಮೆರಾ ಉಳಿಯುತ್ತದೆ. ಕೆಲವು ಕ್ಯಾಮೆರಾಗಳಲ್ಲಿ ಇರುವ ಗುಂಡಿಯಾಕಾರದ ಪುಟ್ಟ ಸೆಲ್ಲುಗಳನ್ನು ಮಾತ್ರ ಮಕ್ಕಳ ಕೈಗೆ ಸಿಗದಂತೆ ಇಡಿರಿ. ಮಗು ನುಂಗಿದರೆ ಎರಡೇ ಗಂಟೆಗಳಲ್ಲಿ ಅನ್ನನಾಳ ಸುಡಬಹುದು. ವಾಂತಿ ಮಾಡಿಸುತ್ತ ಕೂರದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.